‘ಇತರೆ’ ಎಂಬ ಪೆಟ್ಟಿಗೆ

ಮನೆಯಲ್ಲಿ ನಾಲ್ಕು ಪುಸ್ತಕಗಳಿದ್ದಾಗ ಅವನ್ನು ಎಲ್ಲಿಟ್ಟರೂ ನಡೆಯುತ್ತದೆ. ನಾನೂರಾದಾಗ ಒಂದು ಕ್ರಮ ಬೇಕೇ ಬೇಕು. ಹಾಡುಗಳ ಸಂಗ್ರಹಕ್ಕೂ ಈ ಮಾತು ಸಲ್ಲುತ್ತದೆ. ಹಿಂದೆ ಗ್ರಾಮಫೋನ್ ತಟ್ಟೆಗಳಿದ್ದವು, ಆಮೇಲೆ ಕ್ಯಾಸೆಟ್ಟುಗಳು ಬಂದವು. ಇಂದು ಸಾವಿರಾರು ಹಾಡುಗಳು ಅಂಗೈಯಗಲದ ಫೋನಿನಲ್ಲಿ ಅಡಗುತ್ತವೆ. ಸಂಗ್ರಹ ಹಿರಿದಾದಷ್ಟೂ ಬೇಕಾದ ಹಾಡು ಬೇಕಾದ ಹೊತ್ತಿಗೆ ದೊರೆಯುವುದು ಕಷ್ಟ. ಆದುದರಿಂದ ಹಾಡುಗಳನ್ನು ಪ್ರಕಾರ, ಉಪಪ್ರಕಾರಗಳಾಗಿ ವಿಂಗಡಿಸಿಡುವುದು ಒಳ್ಳೆಯ ಅಭ್ಯಾಸ. ಆದರೆ ಅದು ಕೇವಲ ಅಚ್ಚುಕಟ್ಟಿನ ಕೆಲಸವಲ್ಲ. ಅದರಲ್ಲಿ ವಿವೇಕವೂ ನ್ಯಾಯವೂ ಇರಬೇಕೆಂಬುದು ನನ್ನ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನಾನು ಬಂದದ್ದು ಒಂದು ನಷ್ಟವನ್ನು ಅನುಭವಿಸಿದ ಮೇಲೆ.

ವಿಂಗಡಣೆ ನಮ್ಮ ಸಂಗೀತಕ್ಕೆ ಹೊಸದೇನಲ್ಲ. ಹದಿನೇಳನೆಯ ಶತಮಾನದಲ್ಲಿ ವೆಂಕಟಮಖಿ ತನ್ನ ‘ಚತುರ್ದಂಡೀ ಪ್ರಕಾಶಿಕೆ’ಯಲ್ಲಿ ಸ್ವರಗಳ ಜೋಡಣೆಯನ್ನು ಲೆಕ್ಕಹಾಕಿ ೭೨ ಮೇಳಗಳ ಯೋಜನೆಯನ್ನು ಮುಂದಿಟ್ಟನು. ಹಿಂದೂಸ್ತಾನಿ ರಾಗಗಳನ್ನು ವಿಷ್ಣು ನಾರಾಯಣ ಭಾತಖಂಡೆಯವರು (೧೮೬೦–೧೯೩೬) ೧೦ ಥಾಟುಗಳಲ್ಲಿ ಅಳವಡಿಸಿದರು. ಇಂಥ ವಿಂಗಡಣೆಯಿಂದ ಕಲಿಯುವವರಿಗೆ ದಾರಿ ಸುಗಮವಾಯಿತು. ಎರಡು ರಾಗಗಳಲ್ಲಿ ಸಮಾನವಾದುದು ಯಾವುದು, ಬೇರೆಯಾದುದು ಯಾವುದು ಎಂದು ಗಮನಿಸುತ್ತ ಹೋದಂತೆ ಕಿವಿಯೂ ಸೂಕ್ಷ್ಮವಾಗುತ್ತದೆ.

ಕ್ಯಾಸೆಟ್ಟುಗಳ ಕಾಲದಲ್ಲಿ ನಾನೂ ಉತ್ಸಾಹದಿಂದ ಐದು ಮರದ ಪೆಟ್ಟಿಗೆಗಳನ್ನು ಮಾಡಿಸಿದೆ. ಹಿಂದೂಸ್ತಾನಿ, ಕರ್ನಾಟಕ, ಸುಗಮ ಸಂಗೀತ, ಚಿತ್ರಗೀತೆ ಎಂದು ನಾಲ್ಕಕ್ಕೆ ಹೆಸರು ಅಂಟಿಸಿದೆ. ಒಂದೊಂದರೊಳಗೂ ಮತ್ತೆ ಖಯಾಲ್, ಠುಮ್ರಿ, ವರ್ಣ, ಕೃತಿ, ಭಾವಗೀತೆ ಎಂಬ ಒಳವಿಭಾಗಗಳು. ಉಳಿದುದಕ್ಕೆಲ್ಲ ಐದನೆಯ ಪೆಟ್ಟಿಗೆ. ಅದರ ಹೆಸರು ‘ಇತರೆ’.

ತೊಡಕು ಮೊದಲ ವಾರದಲ್ಲೇ ಕಾಣಿಸಿಕೊಂಡಿತು. ಜೈಪುರ-ಅತ್ರೌಲಿ ಘರಾಣೆಯ ಮಲ್ಲಿಕಾರ್ಜುನ ಮನ್ಸೂರರು (೧೯೧೦–೧೯೯೨) ಶರಣರ ವಚನಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿದ್ದಾರೆ. ಅವನ್ನು ರಾಗದಿಂದ ಗುರುತಿಸಬೇಕೋ ವಚನದಿಂದಲೋ? ಪುರಂದರದಾಸರು ಕರ್ನಾಟಕ ಸಂಗೀತದ ಪಿತಾಮಹರು. ಅವರ ಪದಗಳನ್ನು ಕಿರಾನಾ ಘರಾಣೆಯ ಭೀಮಸೇನ ಜೋಶಿಯವರು (೧೯೨೨–೨೦೧೧) ಹಾಡಿದಾಗ ಆ ಕ್ಯಾಸೆಟ್ಟು ಯಾವ ಪೆಟ್ಟಿಗೆಗೆ ಸೇರಬೇಕು? ‘ಕಾಡು ಕುದುರೆ’ ಚಲನಚಿತ್ರದ ಶೀರ್ಷಿಕೆ ಗೀತೆಯ ಕವಿ ಚಂದ್ರಶೇಖರ ಕಂಬಾರರು. ಅದರ ಮಟ್ಟು ಜಾನಪದದ್ದು. ಹಾಡಿದವರು ಸುಗಮ ಸಂಗೀತದ ಶಿವಮೊಗ್ಗ ಸುಬ್ಬಣ್ಣನವರು. ಅವರಿಗೆ ದೊರೆತದ್ದು ಹಿನ್ನೆಲೆ ಗಾಯನಕ್ಕೆ ಸಲ್ಲುವ ೧೯೭೮ರ ಸಾಲಿನ ರಾಷ್ಟ್ರಪ್ರಶಸ್ತಿ. ಒಂದು ಹಾಡಿಗೆ ಮೂರು ಮನೆಗಳು! ಹಾಡಿನಲ್ಲಿ ದೋಷವಿರಲಿಲ್ಲ, ನನ್ನ ಪೆಟ್ಟಿಗೆಗಳ ಗೋಡೆಗಳು ಗಟ್ಟಿಯಾಗಿದ್ದವು.

ಆದರೆ ಇದಕ್ಕಿಂತ ದೊಡ್ಡ ತಪ್ಪೊಂದು ನನ್ನಿಂದ ನಡೆದುಹೋಗಿತ್ತು. ೧೯೮೪ರಲ್ಲಿ ನಾನು ಊರಿಗೆ ಹೋಗಿದ್ದಾಗ ನನ್ನ ತಾಯಿಯ ಹಾಡುಗಳನ್ನು ಒಂದು ಕ್ಯಾಸೆಟ್ಟಿನಲ್ಲಿ ಮುದ್ರಿಸಿಕೊಂಡಿದ್ದೆ. ಅದರಲ್ಲಿ ಬೀಸುವ ಪದಗಳಿದ್ದವು, ಸೋಬಾನೆಯಿತ್ತು, ಒಂದು ಜೋಗುಳವಿತ್ತು. ಹಾಡಿನ ಹಿಂದೆ ಬೀಸುವ ಕಲ್ಲಿನ ಸದ್ದೂ ಕೇಳುತ್ತಿತ್ತು. ನಾಲ್ಕು ಪೆಟ್ಟಿಗೆಗಳಲ್ಲಿ ಯಾವುದಕ್ಕೂ ಅದು ಹೊಂದಲಿಲ್ಲವೆಂದು ಐದನೆಯದರಲ್ಲಿ ಇಟ್ಟೆ. ಹೆಸರು ಬರೆಯಲಿಲ್ಲ, ಮರುಮುದ್ರಣವಾಗದಂತೆ ಕ್ಯಾಸೆಟ್ಟಿನ ಬೆನ್ನಿನ ಚಿಕ್ಕ ಎಸಳನ್ನು ಮುರಿದಿಡಲೂ ಇಲ್ಲ. ಕೆಲವು ವರ್ಷಗಳ ಮೇಲೆ ಮನೆಯ ಹುಡುಗನೊಬ್ಬ ಅದನ್ನು ಖಾಲಿಯೆಂದು ಭಾವಿಸಿ ರೇಡಿಯೋದಿಂದ ಚಿತ್ರಗೀತೆಗಳನ್ನು ಅದರ ಮೇಲೆ ಮುದ್ರಿಸಿಕೊಂಡ. ನನಗೆ ತಿಳಿಯುವ ವೇಳೆಗೆ ತಾಯಿಯೂ ಇರಲಿಲ್ಲ, ಆಕೆಯ ದನಿಯೂ ಉಳಿದಿರಲಿಲ್ಲ. ಹುಡುಗನನ್ನು ನಾನು ಗದರಿಸಲಿಲ್ಲ. ‘ಇತರೆ’ ಎಂದು ಬರೆದವನು ನಾನೇ ಅಲ್ಲವೇ?

ನಮಗೆ ಯಾವುದರ ವಿಷಯದಲ್ಲಿ ಗೌರವವಿದೆಯೋ ಅದಕ್ಕೆ ನಾವು ಹತ್ತು ಒಳವಿಭಾಗಗಳನ್ನು ಮಾಡುತ್ತೇವೆ; ಯಾವುದನ್ನು ಗಮನಿಸುವುದಿಲ್ಲವೋ ಅದನ್ನೆಲ್ಲ ಒಟ್ಟುಗೂಡಿಸಿ ‘ಇತರೆ’ ಎನ್ನುತ್ತೇವೆ. ನಾನು ಹೆಸರಿಡದೆ ಬಿಟ್ಟ ಹಾಡುಗಳಿಗೆ ಹಾಡುವವರು ಎಂದೋ ಹೆಸರಿಟ್ಟಿದ್ದರು. ಬೀಸುವಾಗ ಬೀಸುವ ಪದ, ಕುಟ್ಟುವಾಗ ಕುಟ್ಟುವ ಪದ, ಕಣದಲ್ಲಿ ಹಂತಿಯ ಪದ, ಮದುವೆಯಲ್ಲಿ ಸೋಬಾನೆ, ತೊಟ್ಟಿಲ ಬಳಿ ಜೋಗುಳ. ಪಂಡಿತರು ಸ್ವರವನ್ನು ಹಿಡಿದು ವಿಂಗಡಿಸಿದರೆ ಜನಪದರು ಕೆಲಸವನ್ನೂ ಸಂದರ್ಭವನ್ನೂ ಹಿಡಿದು ವಿಂಗಡಿಸಿದರು. ಆ ಕ್ರಮವೂ ಶಾಸ್ತ್ರದ ಕ್ರಮದಷ್ಟೇ ಸಮರ್ಪಕವಾದುದು. ನನಗೆ ಅದು ಹೊಳೆಯಲಿಲ್ಲ, ಅಷ್ಟೆ.

ಹಾಗಾದರೆ ವಿಂಗಡಣೆಯನ್ನೇ ಬಿಡಬೇಕೇ? ಬೇಡ, ಅದನ್ನು ಇನ್ನಷ್ಟು ಚೆನ್ನಾಗಿ ಮಾಡಬೇಕು. ಇದಕ್ಕೆ ಗ್ರಂಥಾಲಯ ಶಾಸ್ತ್ರದ ಮಹನೀಯರೊಬ್ಬರು ದಾರಿ ತೋರಿದ್ದಾರೆ. ಗಣಿತದ ಅಧ್ಯಾಪಕರಾಗಿದ್ದು ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ ಅವರು ೧೯೩೩ರಲ್ಲಿ ‘ಕೋಲನ್ ವರ್ಗೀಕರಣ’ವನ್ನು ಪ್ರಕಟಿಸಿದರು. ೧೯೬೨ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದವರೂ ಇವರೇ. ಒಂದು ವಿಷಯವನ್ನು ಸಿದ್ಧವಾದ ಒಂದು ಗೂಡಿಗೆ ತಳ್ಳುವ ಬದಲು ಅದರ ಹಲವು ಮುಖಗಳನ್ನು ಗುರುತಿಸಿ ಬರೆಯಬೇಕೆಂಬುದು ಅವರ ಪದ್ಧತಿಯ ತಿರುಳು. ಹಾಡಿಗೂ ಹೀಗೆಯೇ ಮುಖಗಳುಂಟು: ರಚಿಸಿದವರು ಯಾರು, ಹಾಡಿದವರು ಯಾರು, ರಾಗ ಅಥವಾ ಮಟ್ಟು ಯಾವುದು, ಹಾಡುವ ಸಂದರ್ಭ ಯಾವುದು, ಮುದ್ರಣವಾದದ್ದು ಎಲ್ಲಿ, ಎಂದು. ಕ್ಯಾಸೆಟ್ಟು ಒಂದೇ ಪೆಟ್ಟಿಗೆಯಲ್ಲಿ ಇರಬೇಕಾಗಿತ್ತು. ಇಂದಿನ ಯಂತ್ರಗಳಲ್ಲಿ ಆ ನಿರ್ಬಂಧವಿಲ್ಲ. ಒಂದೇ ಹಾಡನ್ನು ನಾಲ್ಕು ಪಟ್ಟಿಗಳಲ್ಲಿ ತೋರಿಸಬಹುದು. ಮನ್ಸೂರರ ವಚನ ಗಾಯನ ವಚನವನ್ನು ಹುಡುಕುವವನಿಗೂ ಸಿಗಲಿ, ರಾಗವನ್ನು ಹುಡುಕುವವನಿಗೂ ಸಿಗಲಿ.

ಯಂತ್ರವೇ ಹಾಡುಗಳಿಗೆ ಪ್ರಕಾರದ ಹೆಸರು ಕೊಡುವುದೂ ಉಂಟು. ಅದನ್ನು ಹಾಗೆಯೇ ಒಪ್ಪಬೇಡಿ. ಹಾಡನ್ನು ಕೇಳಿ, ನಿಮ್ಮ ಕಿವಿ ಏನು ಹೇಳುವುದೆಂದು ನೋಡಿ. ವಿಭಾಗಗಳು ಮಿತವಾಗಿರಲಿ, ಒಂದೆರಡು ಹಾಡಿಗೊಂದರಂತೆ ಉಪಪ್ರಕಾರಗಳನ್ನು ಬೆಳೆಸಿದರೆ ಹುಡುಕುವ ಕಷ್ಟ ಮತ್ತೆ ಮೊದಲಿನಂತೆಯೇ ಆಗುತ್ತದೆ. ಎಲ್ಲಿಯೂ ಹೊಂದದ ಹಾಡು ಎದುರಾದಾಗ ‘ಇತರೆ’ ಎಂದು ಬರೆಯುವ ಮೊದಲು ಅದನ್ನು ಹಾಡಿದವರನ್ನೇ ಕೇಳಿ. ಅವರು ಅದಕ್ಕೆ ಒಂದು ಹೆಸರು ಹೇಳಿಯೇ ಹೇಳುತ್ತಾರೆ.

ನಿಮ್ಮ ಮನೆಯಲ್ಲಿಯೂ ಅಜ್ಜಿಯೋ ತಾಯಿಯೋ ಹಾಡುತ್ತಿರಬಹುದು. ಅದನ್ನು ಮುದ್ರಿಸಿಕೊಂಡು ಹಾಡಿದವರ ಹೆಸರು, ಊರು, ಸಂದರ್ಭ, ದಿನಾಂಕಗಳನ್ನು ಬರೆಯಿರಿ. ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡಿರಿ. ಇದಕ್ಕೆ ಕಾಲು ಗಂಟೆ ಸಾಕು. ಆ ಕಾಲು ಗಂಟೆಯನ್ನು ನಾನು ಕೊಡಲಿಲ್ಲ. ನನ್ನ ತಾಯಿ ಹಾಡುತ್ತಿದ್ದ ಬೀಸುವ ಪದಗಳಲ್ಲಿ ಒಂದರ ಮೊದಲ ಸಾಲು ಮಾತ್ರ ಈಗ ನನಗೆ ನೆನಪಿದೆ.