ಶಾಲು ಹೊದ್ದರೆ ಹೊಟ್ಟೆ ತುಂಬೀತೆ?

ಆರತಕ್ಷತೆಯ ಖರ್ಚಿನ ಪಟ್ಟಿ ಬರೆಯುವುದನ್ನು ಗಮನಿಸಿದ್ದೀರಾ? ಛತ್ರ, ಅಡುಗೆಯವರು, ಹೂವಿನವರು, ಫೋಟೋದವರು, ಮೈಕ್‌ಸೆಟ್‌ನವರು – ಎಲ್ಲರಿಗೂ ಮುಂಗಡ ಹೋಗಿರುತ್ತದೆ. ಹಾಡುವವಳ ನೆನಪಾಗುವುದು ಕೊನೆಗೆ. "ಅವರು ನಮ್ಮವರೇ ಅಲ್ಲವೇ, ಒಂದು ಶಾಲು, ಫಲತಾಂಬೂಲ ಕೊಟ್ಟರಾಯಿತು" ಎನ್ನುತ್ತಾರೆ. ಮೈಕಿಗೆ ಬಾಡಿಗೆಯುಂಟು, ಅದರ ಮುಂದೆ ಕೂತ ಕೊರಳಿಗಿಲ್ಲ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ನಮ್ಮ ಊರುಗಳ ಗಾಯಕಿಯರ ಪಾಲಿಗೆ ನಾವೇ ನಿಜ ಮಾಡಿದ್ದೇವೆ.

"ಈಗ ಮೊಬೈಲಿನಲ್ಲಿ ಹಾಡು ಹಾಕಿದರೆ ದುಡ್ಡು ಬರುತ್ತದಂತಲ್ಲ?" ಎನ್ನುವವರುಂಟು. ಆ ಲೆಕ್ಕವನ್ನೂ ನೋಡಿಬಿಡೋಣ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿ ಬಂತು. ಆಮೇಲೆ ಬಹುಕಾಲ ಭಾವಗೀತೆ ಬೇಕೆಂದವರು ಕ್ಯಾಸೆಟ್ಟನ್ನು ದುಡ್ಡು ಕೊಟ್ಟು ತರುತ್ತಿದ್ದರು. ಅದರಲ್ಲಿ ಕಲಾವಿದರ ಕೈಸೇರಿದ್ದು ಎಷ್ಟೇ ಇರಲಿ, ಹಾಡಿಗೊಂದು ಬೆಲೆಯಿದೆ ಎಂಬುದು ಮನೆಮನೆಗೂ ಗೊತ್ತಿತ್ತು. ಈಗ? 2019ರಲ್ಲಿ ನಮ್ಮ ದೇಶಕ್ಕೆ ಬಂದ ಸ್ಪಾಟಿಫೈಯನ್ನೇ ತೆಗೆದುಕೊಳ್ಳಿ. ಚಂದಾ ಮತ್ತು ಜಾಹೀರಾತಿನಿಂದ ಬಂದದ್ದರಲ್ಲಿ ಹಾಡಿನವರ ಭಾಗವೆಲ್ಲ ಒಂದೇ ಗಂಟು. ಯಾರ ಹಾಡು ಎಷ್ಟು ಸಲ ಕೇಳಿಸಿತೋ ಅಷ್ಟು ಪಾಲು. ಸಿನಿಮಾ ಹಾಡುಗಳ ಮಹಾಪೂರದಲ್ಲಿ ದಾವಣಗೆರೆಯ ಒಬ್ಬ ಗಾಯಕಿಗೆ ಸಿಗುವುದೇನು? ಹಿಂದಿನ 12 ತಿಂಗಳಲ್ಲಿ ಕನಿಷ್ಠ 1000 ಸಲ ಕೇಳಿಸದ ಹಾಡಿಗೆ 2024ರಿಂದ ಅಲ್ಲಿ ಒಂದು ಪೈಸೆಯೂ ಹುಟ್ಟುವುದಿಲ್ಲ. ಸ್ಟುಡಿಯೋ ಬಾಡಿಗೆ, ವಾದ್ಯದವರ ಸಂಭಾವನೆ ಮಾತ್ರ ಅವಳ ಕೈಯಿಂದಲೇ ಹೋಗಿರುತ್ತದೆ.

ಕಾಯಿದೆ ಕಾಪಾಡುತ್ತದೆಯೇ? 2012ರ ತಿದ್ದುಪಡಿ ಕವಿಗೂ ಸಂಗೀತ ಸಂಯೋಜಕರಿಗೂ ಬಿಟ್ಟುಕೊಡಲಾಗದಂಥ ರಾಯಲ್ಟಿ ಹಕ್ಕು ಕೊಟ್ಟಿತು. ವ್ಯಾಪಾರಕ್ಕೆ ಬಳಸಿದರೆ ಹಾಡಿದವರಿಗೂ ಪಾಲುಂಟು ಎಂದಿತು. ಒಳ್ಳೆಯದೇ. ಆದರೆ ಮದುವೆ, ಪೂಜೆಗಳಲ್ಲಿ ಹಾಡುವುದಕ್ಕೆ ಅದೇ ಹಕ್ಕುಸ್ವಾಮ್ಯ ಕಾಯಿದೆಯಲ್ಲಿ ವಿನಾಯಿತಿಯಿದೆ. ಅಂದರೆ ಅಲ್ಲಿ ಗಾಯಕಿಗೆ ಸಿಗುವುದು ನಾವು ಕೈಯಾರೆ ಕೊಟ್ಟದ್ದು ಮಾತ್ರ. ನಾವು ಕೊಡುವುದು ಶಾಲು!

ಉಳಿದದ್ದು ಮನೆಪಾಠ. ಅಲ್ಲಿಯೂ ನಮ್ಮ ಚೌಕಾಶಿ ತಪ್ಪದು. ಗಣಿತದ ಟ್ಯೂಷನ್ನಿಗೆ ವರ್ಷದ ದುಡ್ಡನ್ನು ಒಮ್ಮೆಗೇ ಕಟ್ಟುವ ತಾಯಿ, ಸಂಗೀತದ ಮೇಡಮ್ಮಿನ ಹತ್ತಿರ "ಈ ತಿಂಗಳು ಮಗುವಿಗೆ ಪರೀಕ್ಷೆ, ನಾಲ್ಕೇ ಪಾಠ ಆಯಿತಲ್ಲ" ಎಂದು ಅರ್ಧಕ್ಕಿಳಿಸುತ್ತಾಳೆ. ಪರೀಕ್ಷೆಯ ತಿಂಗಳಲ್ಲಿ ಮೇಡಮ್ಮಿನ ಮನೆಯಲ್ಲಿ ಒಲೆ ಉರಿಯಬೇಡವೇ?

ನನಗೆ ಗೊತ್ತಿರುವ ಗಾಯಕಿಯೊಬ್ಬರು ಸಂಘವೊಂದರ ವಾರ್ಷಿಕೋತ್ಸವದಲ್ಲಿ ಹಾಡಿ, ತಬಲಾದವರ ಸಂಭಾವನೆ ಕೇಳಿದಾಗ ಬಂದ ಉತ್ತರ: "ನಿಮ್ಮ ಯಜಮಾನರು ಕೆಲಸದಲ್ಲಿದ್ದಾರಲ್ಲ, ನಿಮಗೇಕೆ ದುಡ್ಡಿನ ಚಿಂತೆ?" ಹೇಳಿದವರು ಗಂಡಸರಲ್ಲ, ನಮ್ಮಂಥ ಹೆಂಗಸರೇ. ಗಂಡ ದುಡಿಯುತ್ತಾನೆಂದು ಶಾಲೆಯ ಟೀಚರಿಗೆ ಸಂಬಳ ನಿಲ್ಲಿಸುತ್ತೇವೆಯೇ? ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು ದೊಡ್ಡ ಸಂಸಾರವನ್ನು ಹಾಡಿನ ಸಂಪಾದನೆಯಿಂದಲೇ ಸಾಕಿದವರು. 2002ರಲ್ಲಿ ಪದ್ಮವಿಭೂಷಣ ಬಂದಾಗ ಎಲ್ಲರೂ ಹೆಮ್ಮೆಪಟ್ಟೆವು. ಆದರೆ ಪದ್ಮವಿಭೂಷಣದಿಂದ ಅಕ್ಕಿ ಬರುವುದಿಲ್ಲ, ಕಛೇರಿಯಿಂದ ಬರುತ್ತದೆ.

"ಕಲೆ ಸರಸ್ವತಿ, ಅದಕ್ಕೆ ಬೆಲೆ ಕಟ್ಟಬಾರದು" ಎಂಬ ಮಾತು ಕೇಳಲು ಚೆಂದ. ಮಂತ್ರವೂ ಸರಸ್ವತಿಯೇ, ಪುರೋಹಿತರಿಗೆ ದಕ್ಷಿಣೆ ತಪ್ಪಿಸುತ್ತೇವೆಯೇ? ಪುರಂದರದಾಸರು ಎಲ್ಲವನ್ನೂ ಬಿಟ್ಟು ಹಾಡಲಿಲ್ಲವೇ ಎಂದೂ ಕೇಳುತ್ತಾರೆ. ದಾಸರ ಜೋಳಿಗೆಗೆ ಮನೆಮನೆಯ ತಾಯಂದಿರು ಅಕ್ಕಿ ಹಾಕುತ್ತಿದ್ದರು ಎಂಬುದನ್ನು ಮರೆಯುತ್ತಾರೆ. ನಾವು ಜೋಳಿಗೆಯನ್ನು ಹೊಗಳುತ್ತೇವೆ, ಅಕ್ಕಿ ಹಾಕುವುದಿಲ್ಲ.

ಮಹಿಳಾ ಸಮಾಜಗಳ ಕಾರ್ಯಕಾರಿ ಸಮಿತಿಯಲ್ಲಿ ಕೂರುವವರು, ಮನೆಯ ಶುಭಕಾರ್ಯದ ಪಟ್ಟಿ ಬರೆಯುವವರು ನಾವೇ ತಾನೇ? ಕರೆಯುವಾಗಲೇ ಸಂಭಾವನೆ ಎಷ್ಟೆಂದು ಹೇಳೋಣ. ಪಕ್ಕವಾದ್ಯದವರದನ್ನೂ ಆಟೋ ಖರ್ಚನ್ನೂ ಬೇರೆಯಾಗಿ ಇಡೋಣ. ಪಾಠದ ಶುಲ್ಕವನ್ನು ವರ್ಷದ ಹನ್ನೆರಡು ತಿಂಗಳೂ ಕೊಡೋಣ. ಅಷ್ಟು ಕೊಡುವ ಶಕ್ತಿಯಿಲ್ಲವೆಂದರೆ ಮಂಟಪದ ಹೂವು ಒಂದು ಸುತ್ತು ಕಡಿಮೆಯಾಗಲಿ. ಅದು ಮರುದಿನ ಬಾಡುತ್ತದೆ. ಹಾಡಿದವಳು ಮರುದಿನವೂ ಉಣ್ಣಬೇಕು.