ಮೂರನೆಯವನ ಮಾತು

‘ಇಬ್ಬರ ಜಗಳ ಮೂರನೆಯವನಿಗೆ ಲಾಭ’ ಎಂಬ ಗಾದೆಯನ್ನು ಕೇಳದವರಾರು? ಆದರೆ ನಮ್ಮ ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಬಡಿದಾಡಿದಾಗ ಹಿರಿಯರು ಮಾಡುವುದು ಈ ಗಾದೆಗೆ ತದ್ವಿರುದ್ಧವಾದುದನ್ನೇ. ಎರಡೂ ಕಡೆಯವರಿಗೆ ಬೇಕಾದವನಾದ, ಆದರೆ ಆ ಹೊಲದ ಒಂದು ಗೇಣು ನೆಲದ ಮೇಲೂ ಆಸೆಯಿಲ್ಲದ ಪರವೂರಿನ ಹಿರಿಯನೊಬ್ಬನನ್ನು ಕರೆಸಿ ಕಟ್ಟೆಯ ಮೇಲೆ ಕೂರಿಸುತ್ತಾರೆ. ಅವನ ಮಾತಿಗೆ ಇಬ್ಬರೂ ತಲೆಬಾಗುತ್ತಾರೆ. ಹಾಗೆ ಬಾಗಿದ್ದರಿಂದ ಯಾರ ಮಾನವೂ ಹೋಗುವುದಿಲ್ಲ. ಬೇರೆಯಾಗಬೇಕೆಂದು ಒಂದು ಜನ, ಬಿಡಲಾರೆನೆಂದು ಇನ್ನೊಂದು ಜನ ಹಟ ಹಿಡಿದು ನಿಂತಾಗಲೂ ಈ ಕಟ್ಟೆಯ ಪದ್ಧತಿ ಸಲ್ಲುವುದೇ? ಸಲ್ಲುತ್ತದೆಂದು ನನ್ನ ನಂಬಿಕೆ. ಅದಕ್ಕೆ ನಿದರ್ಶನ ಹುಡುಕಲು ದೂರ ಹೋಗಬೇಕಾಗಿಲ್ಲ. ನಾವು ಕುಳಿತು ಓದುತ್ತಿರುವ ಈ ಬಳ್ಳಾರಿಯ ಚರಿತ್ರೆಯೇ ಸಾಕು.

1953ರವರೆಗೆ ಬಳ್ಳಾರಿ ಮದರಾಸು ರಾಜ್ಯದಲ್ಲಿತ್ತು. ತೆಲುಗರಿಗೆ ಪ್ರತ್ಯೇಕ ರಾಜ್ಯ ಬೇಕೆಂದು ಉಪವಾಸ ಕೈಗೊಂಡಿದ್ದ ಪೊಟ್ಟಿ ಶ್ರೀರಾಮುಲು ಅವರು 1952ರ ಡಿಸೆಂಬರ್ 15ರಂದು ಪ್ರಾಣ ಬಿಟ್ಟರು. ನಾಡೆಲ್ಲ ಗಲಭೆಯೆದ್ದಿತು. ನಾಲ್ಕೇ ದಿನಗಳಲ್ಲಿ ಪ್ರಧಾನಿ ನೆಹರೂ ಅವರು ಆಂಧ್ರ ರಾಜ್ಯವಾಗುವುದೆಂದು ಘೋಷಿಸಿದರು. ಒಂದು ಮನೆ ಪಾಲಾಗುವಾಗ ನಡುಮನೆ ಯಾರದೆಂಬ ಪ್ರಶ್ನೆ ಬಂದೇ ಬರುತ್ತದೆ. ಕನ್ನಡ, ತೆಲುಗು ಎರಡನ್ನೂ ಆಡುವ ಬಳ್ಳಾರಿ ಜಿಲ್ಲೆ ಅಂಥ ನಡುಮನೆಯಾಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ, ಸಿರುಗುಪ್ಪ ಮೊದಲಾದವು ಮೈಸೂರಿಗೆ ಎಂದು ತೀರ್ಮಾನವಾದರೂ ಬಳ್ಳಾರಿ ತಾಲ್ಲೂಕು ಮಾತ್ರ ತೂಗುಯ್ಯಾಲೆಯಲ್ಲಿ ಉಳಿಯಿತು. ಆಗ ಮದರಾಸಿಗೂ ಮೈಸೂರಿಗೂ ಸೇರದ ಹೈದರಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ಎಲ್. ಎಸ್. ಮಿಶ್ರ ಅವರನ್ನು ವಿಚಾರಣೆಗೆ ನೇಮಿಸಲಾಯಿತು. ಅವರು ಉಭಯಪಕ್ಷಗಳ ವಾದವನ್ನು ಆಲಿಸಿ, ಬಳ್ಳಾರಿಯು ಮೈಸೂರಿಗೆ ಸೇರತಕ್ಕದ್ದೆಂದು ಅಭಿಪ್ರಾಯವಿತ್ತರು. 1953ರ ಅಕ್ಟೋಬರ್ 1ರಂದು ಹಾಗೆಯೇ ಆಯಿತು. ಆ ವಿಲೀನ ಸಮಾರಂಭದ ಹೊತ್ತಿನಲ್ಲಿ ಪಿಂಜಾರ ರಂಜಾನ್ ಸಾಬರು ಆಸಿಡ್ ದಾಳಿಗೆ ಬಲಿಯಾದರು. ತೀರ್ಪು ಬಂದ ಮೇಲೆಯೇ ಇಂಥ ಸಾವು ನಡೆಯಿತೆಂದರೆ, ತೀರ್ಪು ಹೇಳುವವರೇ ಇಲ್ಲದಿದ್ದರೆ ಈ ಊರಿನ ಬೀದಿಗಳಲ್ಲಿ ಏನೇನು ನಡೆಯುತ್ತಿತ್ತೋ!

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಎರಡೇ ವರ್ಷಗಳಲ್ಲಿ, 1955ರಲ್ಲಿ, ಫಜಲ್ ಅಲಿಯವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗವು ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತು. ತುಂಗಭದ್ರಾ ಯೋಜನೆಯೇ ಅದಕ್ಕೆ ಮುಖ್ಯ ಕಾರಣ. ಹಾಗಾದರೆ ಮೂರನೆಯವರಲ್ಲೇ ಒಮ್ಮತವಿಲ್ಲವಲ್ಲ ಎಂದು ಮಿತ್ರರು ನಗಬಹುದು. ನನಗೆ ತೋರುವುದು ಬೇರೆ. ಮಿಶ್ರ ಅವರ ಮುಂದಿದ್ದದ್ದು ಜನರ ಪ್ರಶ್ನೆ, ಆಯೋಗವು ಮುಂದಿಟ್ಟುಕೊಂಡದ್ದು ನೀರಿನ ಪ್ರಶ್ನೆ. ಜನರಿಗೆ ಗಡಿ ಹಾಕಬಹುದು, ಹರಿಯುವ ನೀರಿಗೆ ಹಾಕಲಾಗದು. ಪುಣ್ಯಕ್ಕೆ 1953ರ ಆಂಧ್ರ ರಾಜ್ಯ ಕಾಯ್ದೆಯೇ ನೀರಿಗೆ ಬೇರೆ ದಾರಿ ಮಾಡಿತ್ತು; ಅದರಡಿಯಲ್ಲಿ ತುಂಗಭದ್ರಾ ಮಂಡಳಿ ಹುಟ್ಟಿತು. ಕೇಂದ್ರ ಸರ್ಕಾರವು ಆಯೋಗದ ಆ ಶಿಫಾರಸನ್ನು ಒಪ್ಪಲಿಲ್ಲ. 1956ರಲ್ಲಿ ಬಳ್ಳಾರಿ ಮೈಸೂರಿನಲ್ಲೇ ಉಳಿಯಿತು, ನೀರು ಮಾತ್ರ ಮಂಡಳಿಯ ಕೈಯಲ್ಲಿ ಉಳಿಯಿತು.

ನಮ್ಮದು ಸಿರುಗುಪ್ಪ ತಾಲ್ಲೂಕಿನ ಕಾಲುವೆಯ ಕೆಳಗಿನ ನೆಲ್ಲಿನ ಗದ್ದೆ. ನೀರು ಕಡಿಮೆಯಾದ ವರ್ಷ ನಮ್ಮ ತಂದೆ ರಾತ್ರಿ ಲಾಟೀನು ಹಿಡಿದು ತೂಬಿನ ಬಳಿ ಕಾಯುತ್ತಿದ್ದುದನ್ನು ಕಂಡವನು ನಾನು. ಅದೇ ಕಾಲುವೆ ಮುಂದೆ ಆಂಧ್ರದ ಹೊಲಗಳಿಗೂ ಹೋಗುತ್ತದೆ. ಅಲ್ಲಿಯೂ ಯಾರೋ ಒಬ್ಬ ತಂದೆ ಕಾಯುತ್ತಿರುತ್ತಾನೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಇಬ್ಬರ ಎದೆಯೂ ಒಟ್ಟಿಗೆ ನಡುಗಿತು. ಹರಿಯುವ ನೀರಿನಲ್ಲೇ ಒಂದು ವಾರದೊಳಗೆ ತಾತ್ಕಾಲಿಕ ಗೇಟು ನಿಂತಿತು. ಹಂಚಿಕೆಯ ತಕರಾರು ಈಗಲೂ ಉಂಟು. ಆದರೆ ತಕರಾರು ಹೇಳಿಕೊಳ್ಳಲು ಒಂದು ಕಟ್ಟೆಯೂ ಉಂಟು.

ಇನ್ನು ಹೊರಜಗತ್ತನ್ನು ನೋಡೋಣ. ಬಳ್ಳಾರಿಯ ನ್ಯಾಯಾಧೀಶರ ಬೆನ್ನ ಹಿಂದೆ ದೆಹಲಿಯಿತ್ತು. ದೇಶದೇಶಗಳ ನಡುವಿನ ಮಧ್ಯಸ್ಥನ ಬಳಿ ಇರುವುದು ಬರಿಯ ವಿಶ್ವಾಸ. ಸ್ವೀಡಿಷ್ ಭಾಷೆಯನ್ನಾಡುವ ಓಲಂಡ್ ದ್ವೀಪದ ಜನ ಫಿನ್‌ಲೆಂಡನ್ನು ಬಿಟ್ಟು ಸ್ವೀಡನ್ನಿಗೆ ಸೇರಬಯಸಿದರು. 1921ರಲ್ಲಿ ರಾಷ್ಟ್ರಸಂಘವು ದ್ವೀಪಗಳನ್ನು ಫಿನ್‌ಲೆಂಡಿಗೇ ಉಳಿಸಿ, ಅಲ್ಲಿಯವರ ಭಾಷೆಗೂ ಸ್ವಾಯತ್ತತೆಗೂ ಖಾತರಿ ಕೊಡಿಸಿತು. ಅದೇ ಫಿನ್‌ಲೆಂಡಿನ ಮಾಜಿ ಅಧ್ಯಕ್ಷ ಮಾರ್ಟಿ ಅಹ್ತಿಸಾರಿ ಅವರ ಮಧ್ಯಸ್ಥಿಕೆಯಲ್ಲಿ, ಇಂಡೊನೇಷ್ಯದ ಅಚೆಯಲ್ಲಿ ಸುಮಾರು 30 ವರ್ಷ ನಡೆದ ಪ್ರತ್ಯೇಕತಾ ಯುದ್ಧವು 2005ರ ಆಗಸ್ಟ್ 15ರ ಒಪ್ಪಂದದಿಂದ ನಿಂತಿತು. ಬಂಡಾಯಗಾರರು ಪ್ರತ್ಯೇಕ ದೇಶದ ಬೇಡಿಕೆ ಬಿಟ್ಟರು, ಸರ್ಕಾರ ಸ್ವಯಮಾಡಳಿತ ಕೊಟ್ಟಿತು.

ಮಧ್ಯಸ್ಥಿಕೆ ಸೋತದ್ದೂ ಉಂಟು. ಶ್ರೀಲಂಕೆಯಲ್ಲಿ ನಾರ್ವೆ ದೇಶವು 2002ರಲ್ಲಿ ಕದನವಿರಾಮ ಮಾಡಿಸಿತು. 2008ರಲ್ಲಿ ಅದು ಮುರಿದುಬಿದ್ದು, 2009ರಲ್ಲಿ ಯುದ್ಧ ರಕ್ತದಲ್ಲೇ ಮುಗಿಯಿತು. ನಮ್ಮ ನಾಡಿನಲ್ಲೇ ಮಹಾಜನ ಆಯೋಗವು 1967ರಲ್ಲಿ ಕೊಟ್ಟ ವರದಿ ಜಾರಿಗೆ ಬರಲಿಲ್ಲ. ಬೆಳಗಾವಿ ತನಗೆ ಸಿಗದ್ದರಿಂದ ಮಹಾರಾಷ್ಟ್ರ ಅದನ್ನು ತಿರಸ್ಕರಿಸಿತು, ಕಾಸರಗೋಡು ಕೇರಳದಲ್ಲೇ ಉಳಿಯಿತು. ಕಟ್ಟೆಯ ಮೇಲೆ ಹಿರಿಯನನ್ನು ಕೂರಿಸುವ ಮೊದಲೇ ‘ನಿನ್ನ ಮಾತಿಗೆ ಬದ್ಧ’ ಎಂದು ಇಬ್ಬರೂ ಹೇಳದಿದ್ದರೆ ಪಂಚಾಯಿತಿ ಮಾಡಿ ಫಲವೇನು?

‘ಪರರನ್ನು ಕರೆಯುವುದು ಹೇಡಿತನ, ನಮ್ಮ ಹಕ್ಕನ್ನು ನಾವೇ ಹೋರಾಡಿ ಪಡೆಯಬೇಕು’ ಎಂದು ಚರ್ಚಾಕೂಟದಲ್ಲಿ ಗೆಳೆಯರೊಬ್ಬರು ವಾದಿಸಿದರು. ಹೋರಾಟ ಬೇಡವೆಂದು ನಾನೂ ಹೇಳಲಾರೆ. ಹೋರಾಟವಿಲ್ಲದಿದ್ದರೆ ಬಳ್ಳಾರಿಯ ಅಹವಾಲನ್ನು ಯಾರೂ ಕೇಳುತ್ತಿರಲಿಲ್ಲ. ಆದರೆ ಹೋರಾಟ ನಮ್ಮನ್ನು ಕಟ್ಟೆಯವರೆಗೆ ಒಯ್ಯಬೇಕು, ಸ್ಮಶಾನದವರೆಗಲ್ಲ.

ಕಡೆಯದಾಗಿ ಒಂದು ಮಾತು. ನನ್ನ ತಾಯಿಯ ತವರು ಆಲೂರು ತಾಲ್ಲೂಕು. ಅಲ್ಲಿ ಅಜ್ಜಿ ಮಾತಾಡುವುದು ಕನ್ನಡವೇ. ನನ್ನ ವಯಸ್ಸಿನ ಸೋದರಮಾವನ ಮಗ ಓದಿದ್ದೆಲ್ಲ ತೆಲುಗಿನಲ್ಲಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅವನಿಗೆ ನಾನು ಬರೆದ ಈ ಲೇಖನವನ್ನು ಓದಲು ಬಾರದು, ಓದಿ ಹೇಳಿದರೆ ಅಕ್ಷರ ಅಕ್ಷರವೂ ಅರ್ಥವಾಗುತ್ತದೆ. ಗಡಿ ಅನ್ಯಾಯವೆಂದು ನಾನು ದೂರುವುದಿಲ್ಲ. ಈಚೆ ಬಂದ ತೆಲುಗು ಮನೆಗಳಲ್ಲಿಯೂ ಇಂಥ ಮಕ್ಕಳಿದ್ದಾರೆ. ಆದರೆ ಗಡಿ ಹಾಕುವ ಮಧ್ಯಸ್ಥನು, ಅವನು ದೆಹಲಿಯವನಿರಲಿ ಜಿನೀವಾದವನಿರಲಿ, ಆಚೆ ಉಳಿದವರ ಶಾಲೆಯ ಮಾತನ್ನೂ ಒಪ್ಪಂದದಲ್ಲಿ ಬರೆಸಿಯೇ ಕಟ್ಟೆಯಿಂದ ಏಳಬೇಕು. ಓಲಂಡಿನವರಿಗೆ ದೊರೆತದ್ದು ನನ್ನ ಮಾವನ ಮಗನಿಗೂ ದೊರೆಯಬೇಕಿತ್ತೆಂದು ಹೇಳಿ ವಿರಮಿಸುತ್ತೇನೆ.