ಹೆಂಚಿನ ನಗರದಲ್ಲಿ ಮನೆ ಎಲ್ಲಿ ಮಾಡೋಣ?

ಭಾನುವಾರದ ಬಲಿಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನಡೆಯುವ ಮಾತುಕತೆಯಲ್ಲಿ ಈಗ ಒಂದು ವಿಷಯ ತಪ್ಪದೆ ಬರುತ್ತದೆ. ಯಾರು ಹಳೆಮನೆ ಮಾರಿದರು, ಯಾರು ಎಲ್ಲಿ ಫ್ಲ್ಯಾಟ್ ಕೊಂಡರು, ಸೆಂಟ್ಸಿಗೆ ಎಷ್ಟು ರೇಟು ನಡೆಯುತ್ತಿದೆ ಎಂಬುದೇ ಆ ವಿಷಯ. ಮನೆ ಎಲ್ಲಿ ಮಾಡಬೇಕೆಂಬುದು ಆಯಾ ಕುಟುಂಬದ ಸ್ವಂತ ವಿಚಾರ, ಅದರಲ್ಲಿ ಬೇರೆಯವರಿಗೇನು ಕೆಲಸ ಎಂದು ಕೇಳಬಹುದು. ಆದರೆ ಸಾವಿರಾರು ಕುಟುಂಬಗಳ ಸ್ವಂತ ನಿರ್ಧಾರಗಳು ಒಟ್ಟು ಸೇರಿಯೇ ಒಂದು ನಗರ ಆಗುತ್ತದೆ. ಮಂಗಳೂರು ಮುಂದೆ ಯಾರಿಗಾಗಿ ಇರುವ ಊರು ಎಂಬ ಪ್ರಶ್ನೆಗೆ ಮಹಾನಗರ ಪಾಲಿಕೆಯಷ್ಟೇ ನಾವೂ ಉತ್ತರ ಬರೆಯುತ್ತಿದ್ದೇವೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ಕೂತು ಯೋಚಿಸುವುದು ಒಳ್ಳೆಯದು.

ಕಾರ್ಖಾನೆ ಕಟ್ಟಿದ ಕೇರಿಗಳು

ಮಂಗಳೂರನ್ನು ಇಂದು ಶಿಕ್ಷಣ ಮತ್ತು ಆಸ್ಪತ್ರೆಗಳ ನಗರವೆಂದು ಕರೆಯುತ್ತೇವೆ. ಆದರೆ ಇದು ಮೂಲತಃ ಹಳೆಯ ಕೈಗಾರಿಕಾ ನಗರ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. 1868ರಲ್ಲಿ ನಮ್ಮ ಸಮುದಾಯದ ಆಲ್ಬುಕರ್ಕ್ ಕುಟುಂಬದ ಹೆಂಚಿನ ಉದ್ಯಮ ಹುಟ್ಟಿತು. ನೇತ್ರಾವತಿ ಮತ್ತು ಗುರುಪುರ ನದಿಗಳ ದಡದಲ್ಲಿ ಆವೆಮಣ್ಣು ಸಿಗುತ್ತಿತ್ತು, ಮಣ್ಣು ತರಲು ದೋಣಿಯಿತ್ತು, ಹೆಂಚು ಸಾಗಿಸಲು ಬಂದರು ಹತ್ತಿರವಿತ್ತು. ಹೀಗೆ ಜೆಪ್ಪು, ಬೋಳಾರ, ಹೊಯ್ಗೆಬಜಾರ್‌ಗಳಲ್ಲಿ ಚಿಮಣಿಗಳು ಎದ್ದವು. ಇವುಗಳ ಜೊತೆಗೆ ಗೇರುಬೀಜದ ಕಾರ್ಖಾನೆಗಳು, ಘಟ್ಟದ ಮೇಲಿನ ಕಾಫಿಯನ್ನು ಹದಮಾಡುವ ಕ್ಯೂರಿಂಗ್ ವರ್ಕ್ಸ್‌ಗಳು, ಮುದ್ರಣಾಲಯಗಳು ಬಂದವು.

ಕಾರ್ಖಾನೆ ಇದ್ದಲ್ಲಿ ಕೆಲಸದವರ ಮನೆಗಳು ಬೇಕಾಗುತ್ತವೆ. ಅಂದು ಕಾರು, ಬೈಕುಗಳಿರಲಿಲ್ಲ. ಸೈರನ್ ಕೇಳಿದರೆ ನಡೆದು ಹೋಗಿ ಮುಟ್ಟುವಷ್ಟು ದೂರದಲ್ಲೇ ಜನ ಮನೆ ಮಾಡಿದರು. ಅದೇ ದೂರದಲ್ಲಿ ಶಾಲೆ, ಚರ್ಚ್, ಮೀನಿನ ಮಾರುಕಟ್ಟೆ, ದಿನಸಿ ಅಂಗಡಿ, ಆಸ್ಪತ್ರೆಗಳೂ ಬಂದವು. 1568ರಷ್ಟು ಹಿಂದೆ ಸ್ಥಾಪನೆಯಾದ ರೊಸಾರಿಯೊ ಚರ್ಚ್ ಬಂದರಿನ ಮಗ್ಗುಲಲ್ಲೇ ಇದೆ. ಸಂತ ಅಲೋಶಿಯಸ್ ಕಾಲೇಜು ಮತ್ತು ಕಂಕನಾಡಿಯ ಫಾದರ್ ಮುಲ್ಲರ್ ಅವರ ಸೇವೆ ಎರಡೂ 1880ರಲ್ಲಿ ಆರಂಭವಾದವು. ಜೆಪ್ಪುವಿನ ಸಂತ ಜೋಸೆಫರ ಕಾರ್ಯಾಗಾರದಲ್ಲಿ ಹುಡುಗರು ಕೈಕೆಲಸ ಕಲಿತರು. ಯಾವ ನಗರ ಯೋಜನಾ ಇಲಾಖೆಯೂ ಇಲ್ಲದ ಕಾಲದಲ್ಲಿ, ಬಡವನೂ ಕಾಲ್ನಡಿಗೆಯಲ್ಲಿ ಬದುಕಬಹುದಾದ ಒಂದು ನಗರ ತಯಾರಾಯಿತು.

ಆ ಕಾಲ ಸ್ವರ್ಗವಾಗಿತ್ತು ಎಂದು ನಾವು ಹೇಳುತ್ತಿಲ್ಲ. ಕೂಲಿ ಕಡಿಮೆಯಿತ್ತು, ಆವೆಯ ಬಿಸಿಯಿತ್ತು, ಗೇರುಬೀಜದ ಎಣ್ಣೆಗೆ ನಮ್ಮ ತಾಯಂದಿರ ಕೈಬೆರಳು ಕಪ್ಪಾಗಿ ಸುಟ್ಟಿತ್ತು. ಆದರೆ ಮನೆಗೂ ಕೆಲಸಕ್ಕೂ ದೇವರಿಗೂ ನಡುವೆ ನಡೆದು ಹೋಗುವ ದಾರಿಯಿತ್ತು ಎಂಬುದಂತೂ ನಿಜ.

ಉದ್ಯೋಗ ಉತ್ತರಕ್ಕೆ, ಮನೆ ಗುಡ್ಡೆಗೆ

ಮುಂದೆ ನಗರದ ಆರ್ಥಿಕತೆಯ ಭಾರ ಬೇರೆಡೆಗೆ ಸರಿಯಿತು. 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಅದರ ಬೆನ್ನಿಗೆ ರಸಗೊಬ್ಬರ ಕಾರ್ಖಾನೆ, ಕುದುರೆಮುಖದ ಅದಿರಿನ ಘಟಕ, 1990ರ ದಶಕದಲ್ಲಿ ಎಂಆರ್‌ಪಿಎಲ್ ಬಂದವು. ದೊಡ್ಡ ಕೈಗಾರಿಕೆ ನಗರದ ಉತ್ತರಕ್ಕೆ ಹೋಯಿತು. ಅಲ್ಲಿ ಜಾಗ ಬಿಟ್ಟುಕೊಟ್ಟವರು ಕಾಟಿಪಳ್ಳ, ಕೃಷ್ಣಾಪುರಗಳ ಪುನರ್ವಸತಿ ನಿವೇಶನಗಳಿಗೆ ಹೋದರು. ಕೆಲವರು ಆಯ್ಕೆ ಮಾಡಿ ಊರು ಬದಲಿಸುತ್ತಾರೆ, ಕೆಲವರಿಗೆ ಆಯ್ಕೆಯೇ ಇರುವುದಿಲ್ಲ. ಈ ವ್ಯತ್ಯಾಸವನ್ನು ನಾವು ಮರೆಯಬಾರದು.

ಇತ್ತ ಹಳೆಯ ನಗರದಲ್ಲಿ ಕಾಂಕ್ರೀಟ್ ತಾರಸಿ ಬಂದು ಹೆಂಚಿಗೆ ಬೇಡಿಕೆ ಕುಸಿಯಿತು. ಮಣ್ಣು ಸಿಗುವುದು ಕಷ್ಟವಾಯಿತು. ಒಂದೊಂದೇ ಚಿಮಣಿಯ ಹೊಗೆ ನಿಂತಿತು. ಕಾರ್ಖಾನೆಯ ಜಾಗ ನಗರದ ನಡುಮಧ್ಯದಲ್ಲಿರುವ ಎಕರೆಗಟ್ಟಲೆ ಭೂಮಿ. ಅದರ ಬೆಲೆ ಹೆಂಚು ಸುಡುವುದಕ್ಕಿಂತ ಎಷ್ಟೋ ಹೆಚ್ಚು. ಅದೇ ಹೊತ್ತಿಗೆ ಕೊಲ್ಲಿ ರಾಷ್ಟ್ರಗಳ ಹಣ ಬಂತು, ಮಕ್ಕಳು ವಿದೇಶದಲ್ಲಿ ನೆಲೆಸಿದರು, ಹತ್ತು ಜನ ಅಣ್ಣತಮ್ಮಂದಿರ ಪಾಲಿನ ಹಳೆಮನೆಯನ್ನು ಬಿಲ್ಡರ್‌ಗೆ ಕೊಟ್ಟು ತಲಾ ಒಂದು ಫ್ಲ್ಯಾಟ್ ಪಡೆಯುವುದೇ ಸುಲಭದ ದಾರಿಯಾಯಿತು. ಇದರಲ್ಲಿ ಯಾರನ್ನೂ ದೂರಲಾಗದು. ಆದರೆ ಆ ಜಾಗದಲ್ಲಿ ಏನು ಬರಬೇಕು, ಊರಿನ ಪಾಲಿಗೆ ಏನು ಉಳಿಯಬೇಕು ಎಂದು ಯಾರೂ ಕೇಳಲಿಲ್ಲ.

ಮುಂಬಯಿ ಕಲಿಸುವ ಪಾಠ

ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ದೂರವಿಲ್ಲ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿದದ್ದು ಮುಂಬಯಿಯ ಸಂಪಾದನೆಯಿಂದ. ಭಾಯಖಳಾ, ಮಝಗಾಂವ್‌ಗಳಲ್ಲಿ ಬದುಕಿದ ನಮ್ಮ ಹಿರಿಯರು ಪಕ್ಕದ ಗಿರಣಗಾಂವಿನ ಬಟ್ಟೆ ಗಿರಣಿಗಳನ್ನು ಕಣ್ಣಾರೆ ಕಂಡವರು. 1982ರ ಜನವರಿಯಲ್ಲಿ ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು 2.5 ಲಕ್ಷ ಕಾರ್ಮಿಕರ ಮುಷ್ಕರ ಆರಂಭವಾಯಿತು. ಅದರ ನಂತರ ಗಿರಣಿಗಳು ಮೊದಲಿನಂತಾಗಲಿಲ್ಲ. ಉಳಿದದ್ದು ಸುಮಾರು 600 ಎಕರೆ ಬೆಲೆಬಾಳುವ ಭೂಮಿ.

1991ರ ನಿಯಮದಲ್ಲಿ ಒಂದು ನ್ಯಾಯದ ಸೂತ್ರವಿತ್ತು. ಗಿರಣಿಯ ಜಾಗವನ್ನು ಅಭಿವೃದ್ಧಿಪಡಿಸುವಾಗ ಸರಿಸುಮಾರು ಮೂರನೇ ಒಂದು ಪಾಲು ನಗರದ ಬಯಲು ಮತ್ತು ಉದ್ಯಾನಗಳಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಉಳಿದ ಪಾಲು ಮಾಲೀಕರಿಗೆ ಎಂಬುದೇ ಆ ಸೂತ್ರ. 2001ರಲ್ಲಿ ನಿಯಮ ತಿದ್ದುಪಡಿಯಾಗಿ, ಕಟ್ಟಡಗಳಿಲ್ಲದ ಖಾಲಿ ಜಾಗಕ್ಕೆ ಮಾತ್ರ ಈ ಪಾಲು ಅನ್ವಯವಾಯಿತು. ಪ್ರಕರಣ ನ್ಯಾಯಾಲಯಕ್ಕೆ ಹೋಗಿ, 2006ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ನಗರದ ಪಾಲು ಕುಗ್ಗಿತು. ಗಿರಣಿಗಳ ಅಂಗಳದಲ್ಲಿ ಮಾಲ್‌ಗಳೂ ಗಗನಚುಂಬಿ ಕಟ್ಟಡಗಳೂ ಎದ್ದವು. ಕಾರ್ಮಿಕರು ಮನೆಗಾಗಿ ಲಾಟರಿ ಚೀಟಿ ಎತ್ತುವುದನ್ನು ಕಾಯಬೇಕಾಯಿತು.

ಮುಂಬಯಿಯಲ್ಲಿ ಸೂತ್ರವಿದ್ದೂ ಜಾರಿತು. ನಮ್ಮಲ್ಲಿ ಭೂಮಿ ಖಾಸಗಿಯವರದು, ಒಂದೊಂದಾಗಿ ಸದ್ದಿಲ್ಲದೆ ಕೈ ಬದಲಾಗುತ್ತದೆ. ನಾವು ಮಾತಾಡಬೇಕಾದ ಹೊತ್ತು ಜಾಗ ಮಾರಾಟವಾದ ಮೇಲಿನದ್ದಲ್ಲ, ಅದಕ್ಕಿಂತ ಮುಂಚಿನದ್ದು.

ಬೈಲು, ಮಜಲು, ಬೆಟ್ಟು

ಹಳೆಯ ಕೇರಿ ಬಿಟ್ಟವರು ಹೋಗುವುದೆಲ್ಲಿಗೆ? ಹಣವಿದ್ದವರು ಗುಡ್ಡೆಯ ಮೇಲಿನ ಅಪಾರ್ಟ್‌ಮೆಂಟಿಗೆ. ಇಲ್ಲದವರು ಕಡಿಮೆ ಬೆಲೆಗೆ ಸಿಗುವ ತಗ್ಗು ಜಾಗಕ್ಕೆ.

ನಮ್ಮ ತುಳುನಾಡಿನ ಹಿರಿಯರು ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ವಿಂಗಡಿಸಿದ್ದರು. ನೀರು ಎಲ್ಲಿ ನಿಲ್ಲುತ್ತದೆ ಎಂಬುದೇ ಆ ಲೆಕ್ಕದ ಆಧಾರ. ಕೊಡಿಯಾಲಬೈಲು, ಜೆಪ್ಪಿನಮೊಗರು ಎಂಬ ಹೆಸರುಗಳಲ್ಲೇ ತಗ್ಗು ನೆಲದ ಗುರುತಿದೆ. ಪದವಿನಂಗಡಿ ಎಂದರೆ ಎತ್ತರದ ಪದವು. ಹೆಸರು ಓದಲು ಬಂದವನಿಗೆ ಬೇರೆ ನಕ್ಷೆ ಬೇಕಿಲ್ಲ. ಆ ಬೈಲುಗಳಿಗೆ ಮಣ್ಣು ತುಂಬಿ, ತೋಡುಗಳನ್ನು ಇಕ್ಕಟ್ಟು ಮಾಡಿ ನಾವು ಕಟ್ಟಡ ಎಬ್ಬಿಸಿದೆವು. 2018ರ ಮೇ 29ರಂದು ಸುರಿದ ಮಳೆಗೆ ಕೊಟ್ಟಾರ ಚೌಕಿ, ಅಳಕೆ, ಕುದ್ರೋಳಿ ಮೊದಲಾದ ಕಡೆಗಳಲ್ಲಿ ನೀರು ಮನೆಯೊಳಗೆ ಬಂತು. ನೀರು ತನ್ನ ಹಳೆಯ ಜಾಗ ಹುಡುಕಿಕೊಂಡು ಬಂದಿತ್ತು, ಅಷ್ಟೇ. ಮೊಂತಿ ಹಬ್ಬಕ್ಕೆ ತೆನೆ ಬೇಕಾದಾಗ ನಗರದ ಚರ್ಚುಗಳು ಇಂದು ಹೊರಗಿನ ಗದ್ದೆಗಳತ್ತ ನೋಡಬೇಕಾಗಿದೆ. ತೆನೆ ಬೆಳೆದ ನಮ್ಮದೇ ಬೈಲುಗಳು ಎಲ್ಲಿ ಹೋದವೆಂದು ಆ ದಿನವಾದರೂ ನೆನೆಯಬೇಕು.

ನಗರದ ಕಸಕ್ಕೂ ಇದೇ ಕಥೆ. 2019ರ ಆಗಸ್ಟಿನಲ್ಲಿ ಪಚ್ಚನಾಡಿಯ ಕಸದ ರಾಶಿ ಮಳೆಗೆ ಜಾರಿ ಮಂದಾರದ ಮನೆ, ತೋಟಗಳತ್ತ ಹರಿಯಿತು. ಅಲ್ಲಿನ ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ನಮ್ಮ ಹತ್ತನೇ ಮಾಳಿಗೆಯ ಬಾಲ್ಕನಿಯಿಂದ ಮಂದಾರ ಕಾಣುವುದಿಲ್ಲ. ಆದರೆ ಅಲ್ಲಿಗೆ ಹೋದ ಕಸದಲ್ಲಿ ನಮ್ಮದೂ ಇತ್ತು.

ಲಿಫ್ಟ್ ಇದೆ, ನೆರೆಹೊರೆ ಇಲ್ಲ

ಇನ್ನೊಂದು ಕಷ್ಟ ನಮ್ಮ ಧರ್ಮಕೇಂದ್ರಗಳಿಗೆ ಚೆನ್ನಾಗಿ ಗೊತ್ತು. ಮಕ್ಕಳು ದುಬಾಯಿ, ಕೆನಡಾಗಳಲ್ಲಿ. ಅಪ್ಪ ಅಮ್ಮನಿಗೆ ಭದ್ರತೆ ಇರಲಿ ಎಂದು ಗೇಟು, ಕಾವಲುಗಾರ, ಲಿಫ್ಟ್ ಇರುವ ಫ್ಲ್ಯಾಟ್ ತೆಗೆದುಕೊಡುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಕಾರು ಓಡಿಸಲಾಗದ ಎಪ್ಪತ್ತೈದರ ಅಮ್ಮ ಮೀನು ತರಲು, ಮದ್ದು ತರಲು, ಬಲಿಪೂಜೆಗೆ ಹೋಗಲು ಯಾರದೋ ದಾರಿ ಕಾಯಬೇಕು. ಹಳೆಯ ಕೇರಿಯಲ್ಲಿ ಬೆಳಿಗ್ಗೆ ಬಾಗಿಲು ತೆರೆಯದಿದ್ದರೆ ಪಕ್ಕದ ಮನೆಯವರು ಕರೆದು ನೋಡುತ್ತಿದ್ದರು. ಇಲ್ಲಿ ಎದುರಿನ ಫ್ಲ್ಯಾಟಿನಲ್ಲಿ ಯಾರಿದ್ದಾರೆಂಬುದೂ ತಿಳಿದಿರುವುದಿಲ್ಲ. ವಾರ್ಡಿನ ಗುರಿಕಾರರು ಕ್ರಿಸ್ಮಸ್‌ಗೆ ಮುಂಚೆ ಮನೆ ಭೇಟಿಗೆ ಹೋದರೆ ಗೇಟಿನಲ್ಲೇ ಹೆಸರು ಬರೆದು ನಿಲ್ಲಬೇಕು.

ಬಹಳ ಜನ ಮನೆ ಹುಡುಕುವಾಗ “ನಮ್ಮವರು ಇದ್ದಾರೆಯೇ” ಎಂದು ಮೊದಲು ಕೇಳುತ್ತಾರೆ. 1998ರ ಸುರತ್ಕಲ್ ಗಲಭೆ, 2008ರ ಸೆಪ್ಟೆಂಬರಿನಲ್ಲಿ ಪ್ರಾರ್ಥನಾ ಮಂದಿರಗಳ ಮೇಲೆ ನಡೆದ ದಾಳಿಗಳನ್ನು ಕಂಡ ಊರಿನಲ್ಲಿ ಈ ಪ್ರಶ್ನೆಯ ಹಿಂದಿನ ಭಯ ಅರ್ಥವಾಗುತ್ತದೆ. ಆದರೆ ಎಲ್ಲರೂ ತಮ್ಮ ತಮ್ಮವರ ನಡುವೆ ಬೇಲಿ ಹಾಕಿಕೊಂಡರೆ ನಾಳೆ ಪರಸ್ಪರ ಮುಖ ಪರಿಚಯವೂ ಇರುವುದಿಲ್ಲ. ಮುಖ ಗೊತ್ತಿಲ್ಲದವನ ಬಗ್ಗೆ ಸುಳ್ಳು ಸುದ್ದಿ ಹಬ್ಬಿಸುವುದು ಬಹಳ ಸುಲಭ. ಒಂದೇ ಬಾವಿಯ ನೀರು, ಒಂದೇ ಕಾರ್ಖಾನೆಯ ಕೂಲಿ ಹಂಚಿಕೊಂಡವರ ಕೇರಿಗಳಿಗೆ ಇದ್ದ ರಕ್ಷಣೆ ಕಾವಲುಗಾರನಿಂದ ಸಿಗುವುದಿಲ್ಲ.

ಏನು ಮಾಡಬಹುದು?

ಪೋಪ್ ಫ್ರಾನ್ಸಿಸ್ 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ನಗರದ ಮನೆ, ಬೀದಿ, ಬಸ್ಸುಗಳ ಬಗ್ಗೆಯೂ ಬರೆದಿದ್ದಾರೆ. ಮನೆ ಎಂಬುದು ಮನುಷ್ಯನ ಘನತೆಗೆ ಸಂಬಂಧಿಸಿದ್ದು ಎಂದು ಅವರು ನೆನಪಿಸಿದ್ದಾರೆ. ಬಡವರನ್ನು ಸ್ಥಳಾಂತರಿಸಲೇಬೇಕಾದರೆ ಮೊದಲೇ ತಿಳಿಸಿ, ಯೋಗ್ಯವಾದ ಬದಲಿ ಕೊಟ್ಟು, ಅವರನ್ನೂ ನಿರ್ಧಾರದಲ್ಲಿ ಸೇರಿಸಿಕೊಳ್ಳಬೇಕೆಂದು ಹೇಳಿದ್ದಾರೆ. ಇದನ್ನು ಪ್ರವಚನದಲ್ಲಿ ಕೇಳಿ ಬಿಡುವುದಕ್ಕಿಂತ ಮನೆಯ ವ್ಯವಹಾರಕ್ಕೆ ಇಳಿಸುವುದು ಮುಖ್ಯ.

ಮೊದಲನೆಯದಾಗಿ, ಮನೆ ಕೊಳ್ಳುವ ಕುಟುಂಬಗಳು. ಚದರ ಅಡಿ ಮತ್ತು ಪಾರ್ಕಿಂಗ್ ವಿಚಾರಿಸುವ ಮುಂಚೆ ಕಾಲ್ನಡಿಗೆಯಲ್ಲಿ ಆ ಬೀದಿಗೆ ಒಮ್ಮೆ ಹೋಗಿ. ಹದಿನೈದು ನಿಮಿಷದಲ್ಲಿ ಚರ್ಚ್, ಅಂಗಡಿ, ಬಸ್ ನಿಲ್ದಾಣ ಸಿಗುತ್ತದೆಯೇ ನೋಡಿ. ಜೂನ್ ತಿಂಗಳ ಜೋರು ಮಳೆಯಲ್ಲಿ ಇನ್ನೊಮ್ಮೆ ಹೋಗಿ, ನೀರು ಎತ್ತ ಹರಿಯುತ್ತದೆ ನೋಡಿ. 2016 ಮತ್ತು 2019ರ ಬೇಸಿಗೆಯಲ್ಲಿ ತುಂಬೆಯ ನೀರು ರೇಷನ್ ಆದಾಗ ಅಲ್ಲಿನವರು ಏನು ಮಾಡಿದರೆಂದು ಕೇಳಿ. ಬಾವಿ ಇದೆಯೇ ವಿಚಾರಿಸಿ. ಹಳೆಯ ಜಾಗವಾದರೆ ಮೂಲಗೇಣಿಯ ಹಕ್ಕು ಯಾರಲ್ಲಿದೆ, ಹೊಸ ಕಟ್ಟಡವಾದರೆ ರೇರಾ ನೋಂದಣಿ ಆಗಿದೆಯೇ ಎಂದು ಪರೀಕ್ಷಿಸಿ.

ಎರಡನೆಯದಾಗಿ, ಮಾರುವವರು. ಹಿರಿಯರ ಮನೆ ಮಾರುವ ಹಕ್ಕು ನಿಮಗಿದೆ. ಆದರೆ ಕರಾರು ಬರೆಯುವಾಗ ಬಾವಿಯನ್ನು ಮುಚ್ಚಬಾರದು, ತೋಡಿನ ಅಗಲ ಕಡಿಮೆ ಮಾಡಬಾರದು, ನಡೆದು ಹೋಗುವ ಕಾಲುದಾರಿಯನ್ನು ಕಟ್ಟಬಾರದು ಎಂಬ ಮೂರು ಸಾಲು ಸೇರಿಸಲು ಹೆಚ್ಚು ಖರ್ಚಿಲ್ಲ. ಹಿತ್ತಿಲಿನ ಬಾಡಿಗೆ ಮನೆಯಲ್ಲಿ ವರ್ಷಗಟ್ಟಲೆ ಇದ್ದವರಿಗೆ ಮೊದಲೇ ಹೇಳಿ, ಹತ್ತಿರದಲ್ಲೇ ಬೇರೆ ನೆಲೆ ಸಿಗುವವರೆಗೆ ಸಮಯ ಕೊಡಿ.

ಮೂರನೆಯದಾಗಿ, ಧರ್ಮಕೇಂದ್ರಗಳು. ಚರ್ಚಿನ ಸುತ್ತಮುತ್ತ ಖಾಲಿ ಬಿದ್ದಿರುವ ಜಾಗವೆಲ್ಲ ಪಾರ್ಕಿಂಗ್‌ಗೆ ಹೋಗಬೇಕೆಂದಿಲ್ಲ. ಕಡಿಮೆ ಬಾಡಿಗೆಯ ನಾಲ್ಕು ಮನೆಗಳು, ಒಂಟಿ ಹಿರಿಯರಿಗೆ ಹಗಲು ಕೂರುವ ಒಂದು ಕೋಣೆ, ವಲಸೆ ಬಂದ ದುಡಿಯುವ ಹುಡುಗಿಯರಿಗೆ ಒಂದು ವಸತಿ ನಿಲಯ ಇವೆಲ್ಲ ಆಗುವ ಕೆಲಸಗಳು. ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯವರು ಮನೆ ರಿಪೇರಿಗೆ ಕೊಡುವ ನೆರವು ಒಬ್ಬ ಬಡವನನ್ನು ಹಳೆಯ ಕೇರಿಯಲ್ಲೇ ಉಳಿಸುತ್ತದೆ.

ಕೊನೆಯದಾಗಿ, ನಾಗರಿಕರಾಗಿ ನಾವೆಲ್ಲರೂ. ಮಹಾಯೋಜನೆಯ ಕರಡು ಪ್ರಕಟವಾದಾಗ ಆಕ್ಷೇಪ, ಸಲಹೆ ಸಲ್ಲಿಸುವ ಅವಕಾಶವನ್ನು ಕಾನೂನು ನಮಗೆ ಕೊಟ್ಟಿದೆ. ವಾರ್ಡ್ ಸಮಿತಿಗಳಿಗೂ ಕಾಯ್ದೆಯಲ್ಲಿ ಸ್ಥಾನವಿದೆ. 2016ರಲ್ಲಿ ನಗರವು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದಾಗ ನಾವು ಹೆಚ್ಚಾಗಿ ರಸ್ತೆ ಅಗೆತದ ಬಗ್ಗೆ ಗೊಣಗಿದೆವು. ಮುಂದಿನ ಸಲ ಕಾಗದದಲ್ಲಿ ಬರೆದು ಕೊಡೋಣ. ಹಳೆಯ ಕಾರ್ಖಾನೆಯ ಜಾಗ ಅಭಿವೃದ್ಧಿಯಾಗುವಾಗ ಒಂದು ಪಾಲು ಬಯಲಿಗೆ, ಒಂದು ಪಾಲು ಸಾಮಾನ್ಯರ ಮನೆಗೆ ಇರಲಿ ಎಂದು ಹತ್ತು ಧರ್ಮಕೇಂದ್ರಗಳು, ಹತ್ತು ದೇವಸ್ಥಾನಗಳು, ಹತ್ತು ಮಸೀದಿಗಳು ಒಟ್ಟಾಗಿ ಕೇಳಿದರೆ ಅದನ್ನು ತಳ್ಳಿಹಾಕುವುದು ಸುಲಭವಲ್ಲ.

ಹೆಂಚಿನ ಮಾಡಿನ ಗುಣ ನಮಗೆ ಗೊತ್ತಿದೆ. ಒಂದು ಹೆಂಚು ಇನ್ನೊಂದಕ್ಕೆ ಕೊಂಡಿಯಾಗಿ ಕೂತರೆ ಮಾತ್ರ ಮಳೆ ಒಳಗೆ ಬರುವುದಿಲ್ಲ. ಒಂದೇ ಒಂದು ಜಾರಿದರೂ ಸೋರುವುದು ಇಡೀ ಮನೆಗೆ. ನಮ್ಮ ಮನೆಯನ್ನು ಎಲ್ಲಿ ಬೇಕಾದರೂ ಮಾಡೋಣ, ಆದರೆ ಪಕ್ಕದ ಹೆಂಚನ್ನು ಜಾರಿಸಿ ಮಾಡುವುದು ಬೇಡ.